ಕಾರು ಬಿಟ್ಟ ಪರೀಕ್ಷಕರು

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಕಾರಿನ ಕಥೆ ಹೇಳುವವನಿಗೆ ಕಾರಿನ ವಿಷಯ ಗೊತ್ತಿರಬೇಕು. ನನಗೆ ಗೊತ್ತಿರುವುದು ಅದಕ್ಕೆ ನಾಲ್ಕು ಚಕ್ರಗಳಿರುತ್ತವೆ, ಐದನೆಯದನ್ನು ಹಿಂದೆ ಬಚ್ಚಿಟ್ಟಿರುತ್ತಾರೆ ಎಂಬಷ್ಟು ಮಾತ್ರ. ಕೆಳಗೆ ಬರುವ ಅಂಕಿಗಳನ್ನು ತಿಳಿದ ಮೂವರ ಹತ್ತಿರ ಕೇಳಿದೆ. ಮೂವರೂ ಬೇರೆ ಬೇರೆ ಹೇಳಿದ್ದರಿಂದ ನಡುವಿನದನ್ನು ಇಟ್ಟುಕೊಂಡಿದ್ದೇನೆ. ಆದರೂ ಧೈರ್ಯ ಮಾಡುವುದಕ್ಕೆ ಒಂದು ಕಾರಣವುಂಟು: ಈ ಕಥೆಯಲ್ಲಿ ದಾರಿ ತಪ್ಪಿದ್ದು ಕಾರಲ್ಲ, ಒಂದು ಕ್ರಿಯಾಪದ. ಕ್ರಿಯಾಪದದ ವಿಷಯದಲ್ಲಿ ತಪ್ಪಾದರೆ ಮೂಳೆ ಮುರಿಯುವುದಿಲ್ಲ ಎಂದುಕೊಂಡು ಬರೆಯಲು ಕೂತೆ. ಬರೆಯುತ್ತ ಹೋದಂತೆ ಅದೂ ಅಷ್ಟು ಖಚಿತವಲ್ಲ ಎನ್ನಿಸಿತು.

ಎಲ್ಲ ಶುರುವಾದದ್ದು ಒಂದು ಹಿತ್ತಾಳೆ ಫಲಕದಿಂದ.

ನೀರು ಸರಬರಾಜು ಕಚೇರಿಯ ಹಿಂಭಾಗದಲ್ಲಿ ಒಂದು ಉದ್ದನೆಯ ಕೋಣೆ. ಅಲ್ಲಿ ಒಂದು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಹನ್ನೆರಡು ನಲ್ಲಿ, ಪ್ರತಿ ನಲ್ಲಿಗೂ ಒಂದು ಮೀಟರ್, ಅವುಗಳ ಎದುರಿಗೆ ಒಂದು ಸ್ಟೂಲು. ಇಪ್ಪತ್ತೆರಡು ವರ್ಷಗಳಿಂದ ಆ ಸ್ಟೂಲಿನ ಮೇಲೆ ಕೂತಿದ್ದ ಮನುಷ್ಯನ ಹುದ್ದೆಯ ಪೂರ್ತಿ ಹೆಸರು ‘ಸಹಾಯಕ ನೀರಿನ ಮಾಪಕ ಪರೀಕ್ಷಕರು’. ಮೀಟರಿನ ಮೊದಲ ರೀಡಿಂಗ್ ಬರೆದುಕೊಳ್ಳುವುದು, ನೂರು ಲೀಟರ್ ನೀರು ಬಿಡುವುದು, ಕೊನೆಯ ರೀಡಿಂಗ್ ಬರೆದುಕೊಳ್ಳುವುದು, ಮೂರು ಹನಿ ಹೆಚ್ಚು ಕಡಿಮೆಯಾದರೂ ಮೀಟರನ್ನು ವಾಪಸ್ ಕಳಿಸುವುದು, ಇಷ್ಟೇ ಅವರ ಕೆಲಸ. ಇಷ್ಟು ವರ್ಷದಲ್ಲಿ ಅವರು ಕಣ್ಣಾರೆ ನೋಡದ ಒಂದೇ ಒಂದು ಅಂಕಿಯನ್ನೂ ಬರೆದವರಲ್ಲ.

ಹೊಸ ಬಾಡಿಗೆ ಮನೆಗೆ ಬಂದಾಗ ಅವರು ಬೀದಿಯನ್ನೊಮ್ಮೆ ನೋಡಿದರು. ಎಲ್ಲ ಬಾಗಿಲಿಗೂ ಏನಾದರೊಂದು ಫಲಕವಿತ್ತು. ಒಂದು ಕಡೆ ‘ದಂತವೈದ್ಯರು’, ಒಂದು ಕಡೆ ‘ವಕೀಲರು’, ಒಂದು ಕಡೆ ‘ನಾಯಿ ಇದೆ’. ತಮ್ಮ ಬಾಗಿಲು ಮಾತ್ರ ಬೋಳು. ಅವರು ಫಲಕ ಕೆತ್ತುವವನ ಅಂಗಡಿಗೆ ಹೋದರು.

“ಇಷ್ಟುದ್ದ ಹಿಡಿಸಲ್ಲ ಸಾರ್,” ಎಂದ ಕೆತ್ತುವವನು, ಚೀಟಿಯನ್ನು ದೂರ ಹಿಡಿದು ನೋಡುತ್ತ. “ಏನಾದ್ರೂ ಬಿಡಿ.”

“ಏನು ಬಿಡಲಿ?”

“‘ಸಹಾಯಕ’ ಬಿಡಿ.”

ಅದನ್ನು ಅವರು ಸಂತೋಷದಿಂದಲೇ ಬಿಟ್ಟರು.

“ಇನ್ನೂ ಹಿಡಿಸಲ್ಲ. ನೀರು ಬಿಡಿ.”

“ನೀರು ಬಿಡೋದೇ ನನ್ನ ಕೆಲಸ ಕಣಪ್ಪಾ.”

“ಮತ್ತಿನ್ನೇನು, ಅಭ್ಯಾಸ ಇದೆಯಲ್ಲ. ಬಿಡಿ. ಮಾಪಕಾನೂ ಬಿಡಿ. ಈಗ ನೋಡಿ, ಅಕ್ಷರ ಹೆಂಗೆ ಮೈ ತುಂಬ್ಕೊಂಡು ಬರುತ್ತೆ!”

ಹೀಗೆ ಉಳಿದದ್ದು ‘ಪರೀಕ್ಷಕರು’ ಎಂಬ ಒಂದೇ ಪದ. ಬೀದಿಯ ಆ ತುದಿಯಿಂದ ಈ ತುದಿಗೆ ಹೊಳೆಯುತ್ತಿತ್ತು.

“ಏನು ಪರೀಕ್ಷೆ ಮಾಡೋರು ಅಂತ ಹಾಕ್ಸಿಲ್ವಲ್ಲ ಅಳಿಯಂದಿರೇ?” ಎಂದು ಅವರ ಅತ್ತೆ ಕೇಳಿದರು.

“ಜಾಗ ಸಾಲಲಿಲ್ಲ ಅತ್ತೆ.”

“ಬಿಡಿ. ಒಂದು ನಾಯಿ ಸಾಕಿದ್ರೆ ಆಗ್ತಿತ್ತು.”

ಅತ್ತೆ ಮೂವತ್ತು ವರ್ಷ ಮಗ್ಗದ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿದ್ದವರು. ಇನ್ನೂರು ಮಗ್ಗಗಳ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು. ನಿವೃತ್ತಿಯಾದ ಮೇಲೆ ಮಗ್ಗಗಳು ನಿಂತವು, ಗಂಟಲು ನಿಲ್ಲಲಿಲ್ಲ. ಅವರ ಬಾಯಲ್ಲಿ ‘ಬಿಡಿ’ ಎಂಬುದು ಪೂರ್ಣವಿರಾಮದ ಹಾಗೆ. ಅಳಿಯನ ಪ್ರತಿ ಪ್ರಯತ್ನದ ಕೊನೆಗೂ ಅದು ಬಂದು ಕೂರುತ್ತಿತ್ತು.

ಫಲಕ ನೋಡಿ ಒಬ್ಬರು ಕಣ್ಣು ತೋರಿಸಲು ಬಂದರು. ಇನ್ನಿಬ್ಬರು ಮಕ್ಕಳ ಗಣಿತದ ಅಂಕ ಕೇಳಲು ಬಂದರು. ಪರೀಕ್ಷಕರು ಎಲ್ಲರನ್ನೂ ವಿನಯದಿಂದ ವಾಪಸ್ ಕಳಿಸಿ, ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಸಂತೋಷಪಡುತ್ತಿದ್ದರು. ಆಮೇಲೆ ಬಂದವಳು ಲೇತ್ ಅಕ್ಕ.

ಲೇತ್ ಅಕ್ಕ ಪಂಪಿನ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇತ್ ನಡೆಸುವವಳು. ಎದುರುಗಡೆಯ ತಗಡಿನ ಶೆಡ್ಡು ಅವಳದು. ಒಂಬತ್ತು ವರ್ಷಗಳಿಂದ ಪ್ರತಿ ಭಾನುವಾರ ಆ ಶೆಡ್ಡಿನೊಳಗಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಒಳಗೆ ಏನಾಗುತ್ತಿದೆ ಎಂಬ ಬಗ್ಗೆ ಬೀದಿಯಲ್ಲಿ ಎರಡು ಪಕ್ಷಗಳಿದ್ದವು. ಪಕ್ಕದ ಮನೆಯ ಟೈಲರ್ ಅದು ದೋಣಿ ಎನ್ನುತ್ತಿದ್ದ. ದಂತವೈದ್ಯರು ಬ್ರೆಡ್ ಸುಡುವ ಒಲೆ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವಳು ಶೆಡ್ಡಿನ ಎರಡೂ ಬಾಗಿಲು ತೆರೆದು ಅದನ್ನು ಹೊರಗೆ ತಳ್ಳಿದಾಗ ಇಬ್ಬರೂ ತಂತಮ್ಮ ಪಕ್ಷ ಬಿಟ್ಟರು.

ಅದು ಕಾರು. ಅದೂ ಎಂಥ ಕಾರು! ಸೊಂಟಕ್ಕಿಂತ ಎತ್ತರವಿಲ್ಲ. ಅಲ್ಯೂಮಿನಿಯಂ ತಗಡನ್ನು ಮರಳಿನ ಚೀಲದ ಮೇಲಿಟ್ಟು ಬಡಿದು ಬಡಿದು ಬಾಗಿಸಿದ ಮೈ. ಮಾಡು ಇಲ್ಲ, ಮುಂದೆ ಗಾಜಿಲ್ಲ. ನಾಲ್ಕು ನಾಲ್ಕು ಸಿಲಿಂಡರಿನ ಎರಡು ಮೋಟರ್‌ಸೈಕಲ್ ಎಂಜಿನ್ನುಗಳನ್ನು ಸೇರಿಸಿ ಅವಳೇ ಒಂದು ಮಾಡಿದ್ದ ಎಂಜಿನ್ನು. ನಿಂತಲ್ಲೇ ನಿಂತಿದ್ದರೂ ಈಗಷ್ಟೇ ಎಲ್ಲಿಂದಲೋ ಬಂದ ಹಾಗೆ ಕಾಣುತ್ತಿತ್ತು.

ಆದರೆ ಅದನ್ನು ರಸ್ತೆಗಿಳಿಸಲು ವಾಹನ ಕಚೇರಿಯ ಒಪ್ಪಿಗೆ ಬೇಕು. ಕೈಯಿಂದ ಕಟ್ಟಿದ ವಾಹನವನ್ನು ಅರ್ಜಿ ಹಾಕಿದ ಒಂದು ವರ್ಷದೊಳಗೆ, ಕಟ್ಟಿದವರಲ್ಲದ ಬೇರೊಬ್ಬ ಪರೀಕ್ಷಕರು, ಅಧಿಕಾರಿಯ ಸಮಕ್ಷಮದಲ್ಲಿ ಓಡಿಸಿ ಪರೀಕ್ಷಿಸಬೇಕು. ಇಲ್ಲವಾದರೆ ಅರ್ಜಿ ರದ್ದು. ಅರ್ಜಿ ರದ್ದಾದರೆ ಅದು ಕಾರಲ್ಲ, ‘ಬಿಡಿಭಾಗಗಳ ರಾಶಿ’. ಬಿಚ್ಚಿ ಹಾಕಬೇಕು. ಲೇತ್ ಅಕ್ಕನ ವರ್ಷ ಮುಗಿಯುವುದು ಬರುವ ಸೋಮವಾರ. ಅಧಿಕಾರಿ ಬರುವುದು ಶನಿವಾರ. ಅವಳು ಕೇಳಿದ್ದ ಇಬ್ಬರು ಪರೀಕ್ಷಕರಲ್ಲಿ ಒಬ್ಬ ಕಾರು ನೋಡಿ ನಕ್ಕಿದ್ದ. ಇನ್ನೊಬ್ಬ ನಗದೆಯೇ ಹೊರಟುಹೋಗಿದ್ದ.

ಅವಳು ಹತ್ತಿಯ ಉಂಡೆಯಲ್ಲಿ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಾಗಿಲ ಬಳಿ ನಿಂತು ಫಲಕವನ್ನು ಬಹಳ ಹೊತ್ತು ನೋಡಿದಳು.

“ಸಾರ್, ನೀವು ಪರೀಕ್ಷಕರಲ್ವಾ?”

“ಹೌದು.” ಇದು ಸುಳ್ಳಲ್ಲ.

“ಲೈಸೆನ್ಸ್ ಇದೆಯಾ?”

“ಇದೆ.” ಇದೂ ಸುಳ್ಳಲ್ಲ.

“ಕಾರು ಬಿಟ್ಟಿದ್ದೀರಾ?”

“ಬಿಟ್ಟಿದ್ದೀನಿ.”

ಇಲ್ಲಿ ಸ್ವಲ್ಪ ನಿಂತು ನ್ಯಾಯ ನೋಡಬೇಕು. ಇಪ್ಪತ್ತು ವರ್ಷಗಳ ಹಿಂದೆ, ಲೈಸೆನ್ಸ್ ಕೈಗೆ ಬಂದ ದಿನವೇ, ಈ ಮನುಷ್ಯ ಡ್ರೈವಿಂಗ್ ಸ್ಕೂಲಿನ ಕಾರನ್ನು ಅದೇ ಡ್ರೈವಿಂಗ್ ಸ್ಕೂಲಿನ ಬೋರ್ಡಿಗೆ ಗುದ್ದಿ, ಇಳಿದು, ಬೀಗದ ಕೈಯನ್ನು ಮೇಷ್ಟರ ಅಂಗೈಯಲ್ಲಿಟ್ಟು ನಡೆದುಕೊಂಡೇ ಮನೆಗೆ ಬಂದಿದ್ದರು. ಅಂದೇ ಕಾರು ಬಿಟ್ಟರು. ಪೂರ್ತಿಯಾಗಿ ಬಿಟ್ಟರು. ಲೈಸೆನ್ಸನ್ನು ಮಾತ್ರ, ಅವಧಿ ಮೀರುವುದು ತಪ್ಪಲ್ಲವೇ ಎಂಬ ಭಯಕ್ಕೆ, ಕಾಲಕಾಲಕ್ಕೆ ನವೀಕರಿಸುತ್ತ ಬಂದಿದ್ದರು. ಆದ್ದರಿಂದ ‘ಬಿಟ್ಟಿದ್ದೀನಿ’ ಎಂಬುದು ಅಕ್ಷರಶಃ ಸತ್ಯ. ಅವರು ಸತ್ಯವನ್ನೇ ನುಡಿದರು. ಸುಳ್ಳು ಹೇಳಿದ್ದು ಭಾಷೆ. ಆದರೆ ಭಾಷೆ ಸುಳ್ಳು ಹೇಳುತ್ತಿದ್ದಾಗ ಅವರು ತಡೆಯಲಿಲ್ಲ, ಕೊರಳಪಟ್ಟಿ ಸರಿಮಾಡಿಕೊಂಡರು ಎಂಬುದನ್ನೂ ಹೇಳದಿದ್ದರೆ ನನ್ನದೂ ಅದೇ ತಪ್ಪಾಗುತ್ತದೆ.

“ಎಷ್ಟು ವರ್ಷ ಆಯ್ತು ಸಾರ್?”

“ಇಪ್ಪತ್ತು ವರ್ಷ.”

“ಇಪ್ಪತ್ತು ವರ್ಷ!” ಎಂದದ್ದು ಲೇತ್ ಅಕ್ಕನಲ್ಲ, ಪಕ್ಕದ ಕಿಟಕಿಯಲ್ಲಿ ಬಾಯಿಗೆ ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದ ಟೈಲರ್. ಸೂಜಿಗಳನ್ನು ಉಗಿದು ಒಳಗೆ ಕೂಗಿದ: “ಏ, ಕೇಳಿಸ್ಕೊಂಡ್ಯಾ! ಇವರು ಇಪ್ಪತ್ತು ವರ್ಷದಿಂದ ಕಾರು ಬಿಡ್ತಿದ್ದಾರಂತೆ! ನಮಗೆ ಒಂದು ಮಾತೂ ಹೇಳಿಲ್ಲ, ಎಂಥ ದೊಡ್ಡ ಮನಸ್ಸು!”

“ಹಾಗಾದ್ರೆ ಶನಿವಾರ ಹತ್ತು ಗಂಟೆಗೆ,” ಎಂದಳು ಲೇತ್ ಅಕ್ಕ. “ನಿಮ್ಮ ಆಫೀಸಿನ ದೊಡ್ಡ ಪೈಪಿನ ಪಕ್ಕ ಸರ್ವಿಸ್ ರಸ್ತೆ ಇದೆಯಲ್ಲ, ನೆಟ್ಟಗೆ, ಯಾರೂ ಓಡಾಡದ್ದು. ಅಲ್ಲೇ ಇಟ್ಕೊಳ್ಳೋಣ. ಪರ್ಮಿಷನ್ ನೀವೇ ಕೇಳ್ಬಿಡಿ.”

ಮನೆಯೊಳಗೆ ಬಂದಾಗ ಹೆಂಡತಿ ಆಗಲೇ ಅವರ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಲು ಶುರುಮಾಡಿದ್ದಳು. ಅವಳ ಮುಖದಲ್ಲಿ ಮದುವೆಯಾದ ಹೊಸದರಲ್ಲಿ ಇದ್ದ ಒಂದು ಬೆಳಕಿತ್ತು. ಅದನ್ನು ಆರಿಸುವ ಧೈರ್ಯ ಅವರಿಗೆ ಬರಲಿಲ್ಲ. ನೇರ ಅತ್ತೆಯ ಹತ್ತಿರ ಹೋದರು.

“ಅತ್ತೆ, ನನಗೆ ಕಾರು ಬರಲ್ಲ.”

“ಅದು ನನಗೆ ಗೊತ್ತಿರೋದೇ. ಅವಳಿಗೆ ಹೇಳಿ.”

“ಹೇಗೆ ಹೇಳ್ಲಿ?”

“ಬಾಯಿ ಬಿಟ್ಟು.”

ಬಾಯಿ ಬಿಡಲೆಂದೇ ಅವರು ಗುರುವಾರ ಶೆಡ್ಡಿಗೆ ಹೋದರು. ಹೇಳಬೇಕಾದ ವಾಕ್ಯವನ್ನು ದಾರಿಯುದ್ದಕ್ಕೂ, ಅಂದರೆ ಹದಿನಾಲ್ಕು ಹೆಜ್ಜೆ, ಬಾಯಿಪಾಠ ಮಾಡಿಕೊಂಡಿದ್ದರು. ಲೇತ್ ಅಕ್ಕ ಕಾರಿನಡಿಯಲ್ಲಿ ಮಲಗಿದ್ದಳು. ಕಾಲು ಮಾತ್ರ ಕಾಣುತ್ತಿತ್ತು.

“ಅಕ್ಕಾ, ಒಂದು ವಿಷಯ. ನಾನು ಕಾರು ಬಿಟ್ಟಿದ್ದೀನಿ ಅಂದ್ನಲ್ಲ, ಅದು ನಿಜವಾಗ್ಲೂ ಬಿಟ್ಟೇಬಿಟ್ಟಿದ್ದೀನಿ.”

“ಅನುಮಾನ ಯಾರು ಪಟ್ರು ಸಾರ್? ಒಳಗೆ ಕೂತ್ಕೊಂಡು ನೋಡಿ, ಸೀಟು ಸರಿ ಹೋಗುತ್ತಾ ಅಂತ.”

ಕಾಲುಗಳ ಜೊತೆ ವಾದ ಮಾಡುವುದು ಕಷ್ಟ. ಪರೀಕ್ಷಕರು ಒಳಗೆ ಕೂತರು. ಕೂತದ್ದೇ ತಪ್ಪಾಯಿತು. ಎದುರಿಗೆ ಆರು ಮೀಟರುಗಳಿದ್ದವು. ಜೀವಮಾನದಲ್ಲಿ ಮೀಟರ್ ಬಿಟ್ಟು ಬೇರೇನೂ ನೋಡದ ಮನುಷ್ಯ. ಒಂದೊಂದಕ್ಕೂ ಮೂಗು ತಾಗಿಸಿ ನೋಡಿದರು. ಇದು ಎಣ್ಣೆಯದು, ಇದು ಬಿಸಿಯದು, ಇದು ಎಂಜಿನ್ ಸುತ್ತುವುದರದು. ವೇಗದ ಮೀಟರಿನ ಹತ್ತಿರ ಬಂದಾಗ ಅವರ ಹುಬ್ಬು ಗಂಟಾಯಿತು. ಬಾಯಿಪಾಠ ಮಾಡಿದ ವಾಕ್ಯ ಮರೆತೇಹೋಯಿತು.

“ಅಕ್ಕಾ, ಈ ಮುಳ್ಳು ಸೊನ್ನೆಯಲ್ಲಿ ನಿಂತಿಲ್ಲ.”

ಸುತ್ತಿಗೆ ನಿಂತಿತು. ಕಾಲುಗಳು ಹೊರಗೆ ಜಾರಿದವು, ಹಿಂದೆಯೇ ಅವಳೂ ಬಂದಳು. “ಏನಂದ್ರಿ?”

“ಕೂದಲೆಳೆಯಷ್ಟು ಮೇಲಿದೆ. ಗಾಡಿ ನಿಂತಿರೋವಾಗ್ಲೇ ಒಂದೂವರೆ ಕಿಲೋಮೀಟರ್ ವೇಗದಲ್ಲಿ ಹೋಗ್ತಿದೆ ಅನ್ನುತ್ತೆ ಇದು. ಮೊದಲ ರೀಡಿಂಗೇ ಸುಳ್ಳಾದ್ರೆ ಕೊನೇದನ್ನ ಹೇಗೆ ನಂಬೋದು?”

ಲೇತ್ ಅಕ್ಕ ಬಗ್ಗಿ ನೋಡಿದಳು. ಎಡಗಣ್ಣಲ್ಲಿ ನೋಡಿದಳು, ಬಲಗಣ್ಣಲ್ಲಿ ನೋಡಿದಳು. “ನಾನೇ ಕೈಯಾರೆ ಮಾಡಿದ್ದು. ನನ್ನ ಕಣ್ಣಿಗೇ ಬೀಳಲಿಲ್ಲವಲ್ಲ!” ಎಂದು ಅಲ್ಲೇ ನೆಲದ ಮೇಲೆ ಕೂತಳು. ಕೂತಲ್ಲಿಂದಲೇ ಅಂದಳು: “ಸಾರ್, ನನಗೆ ಇದರಲ್ಲಿ ಊರು ಸುತ್ತೋ ಆಸೆ ಇಲ್ಲ. ಕಾಗದದ ಮೇಲೆ ನನ್ನ ಲೆಕ್ಕ ಹೇಳುತ್ತೆ, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟೋಕೆ ಐದು ಸೆಕೆಂಡು. ಒಂಬತ್ತು ವರ್ಷ ಅದೊಂದೇ ಲೆಕ್ಕ ತಲೆಯಲ್ಲಿ. ವರ್ಕ್‌ಶಾಪಲ್ಲಿ ನಗ್ತಾರೆ, ಐದು ನಿಮಿಷ ಇರ್ಬೇಕು ನೋಡಮ್ಮ ಅಂತಾರೆ. ಐದೋ, ಆರೋ, ಅರವತ್ತೋ, ಸರಿಯಾದ ಒಂದು ಅಂಕಿ ಬೇಕು ನನಗೆ. ಸೋಮವಾರ ಆದ್ಮೇಲೆ ಇದು ಬಿಚ್ಚಿಹೋಗುತ್ತೆ. ಆಮೇಲೆ ಯಾರನ್ನ ಕೇಳ್ಲಿ?”

ಕೆಟ್ಟದ್ದೆಂದರೆ, ಪರೀಕ್ಷಕರಿಗೂ ತಿಳಿಯಬೇಕೆನ್ನಿಸಿತು. ಐದೇ ಇರಬಹುದೇ? ಹೇಳಬೇಕಾದದ್ದನ್ನು ಹೇಳದೆಯೇ ಹದಿನಾಲ್ಕು ಹೆಜ್ಜೆ ವಾಪಸ್ ಬಂದರು.

ಶನಿವಾರ ಹತ್ತು ಗಂಟೆಗೆ ಪೈಪಿನ ರಸ್ತೆಯಲ್ಲಿ ಇಡೀ ಬೀದಿ ನೆರೆದಿತ್ತು. ಸೊಂಟದೆತ್ತರದ ಕಬ್ಬಿಣದ ಪೈಪಿನ ಪಕ್ಕದಲ್ಲಿ ದಾರ ಹಿಡಿದು ಎಳೆದಂಥ ರಸ್ತೆ, ಒಂದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಉದ್ದ. ರಸ್ತೆಯ ಕೊನೆಗೆ ಮೊಣಕಾಲೆತ್ತರದ ಒಂದು ಗೋಡೆ, ಗೋಡೆಯಾಚೆ ನೀರು ತಿಳಿಯಾಗಲು ಬಿಡುವ ದೊಡ್ಡ ಕೊಳ. ಅತ್ತೆ ಮಡಚುವ ಕುರ್ಚಿ ತಂದಿದ್ದರು. ಪಂಪ್‌ಹೌಸಿನ ನೆರಳಿರುವುದು ಕೊಳದ ಕಡೆ ಮಾತ್ರವೆಂದು ರಸ್ತೆಯ ಆ ತುದಿಗೇ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕೂತರು. ಟೈಲರ್ ಛತ್ರಿಯ ಬಟ್ಟೆಯಿಂದ ಹೊಲಿದ ಕಪ್ಪು ಕೋಟೊಂದನ್ನು ಪರೀಕ್ಷಕರಿಗೆ ತೊಡಿಸಿದ. “ಗಾಳಿ ಒಳಗೆ ಹೋಗಲ್ಲ ಸಾರ್,” ಎಂದ. ಹೊರಗೂ ಬರುತ್ತಿರಲಿಲ್ಲ.

ವಾಹನಾಧಿಕಾರಿ ಸಣ್ಣ ದೇಹದ, ದೊಡ್ಡ ಕಡತದ ಮನುಷ್ಯ. ಕೊರಳಲ್ಲಿ ಸ್ಟಾಪ್‌ವಾಚಿನ ದಾರ. ಪರೀಕ್ಷಕರ ಲೈಸೆನ್ಸನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇಪ್ಪತ್ತು ವರ್ಷ. ಒಂದು ದಂಡ ಇಲ್ಲ. ಒಂದು ದೂರಿಲ್ಲ. ಒಂದು ಗೀರಿಲ್ಲ! ನನ್ನ ಸರ್ವೀಸಲ್ಲಿ ಇಂಥ ಲೈಸೆನ್ಸ್ ನೋಡೇ ಇಲ್ಲ. ಹೇಗೆ ಸಾಧಿಸಿದ್ರಿ?”

“ಕಾರು ಮುಟ್ಟದೆ ಇದ್ದಿದ್ದಕ್ಕೆ ಸಾರ್.”

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ದೊಡ್ಡೋರು ಹೀಗೇ ಮಾತಾಡೋದು.”

ಪರೀಕ್ಷಕರು ಇನ್ನು ತಡೆಯಲಾರದೆ ಅವರ ತೋಳು ಹಿಡಿದು ಪೈಪಿನ ಮರೆಗೆ ಕರೆದೊಯ್ದರು. “ಸಾರ್, ನಿಜ ಹೇಳ್ಬಿಡ್ತೀನಿ. ನನ್ನ ಪರೀಕ್ಷೆ ಎಲ್ಲ ನೀರಲ್ಲಿ. ಇಪ್ಪತ್ತೆರಡು ವರ್ಷದಿಂದ ಬರೀ ನೀರು. ಇಂಥ ಒಣ ನೆಲದಲ್ಲಿ ನಾನು ಯಾವತ್ತೂ ಏನೂ ಪರೀಕ್ಷೆ ಮಾಡಿದವನಲ್ಲ.”

ಅಧಿಕಾರಿಯ ಕಣ್ಣು ಅಗಲವಾಯಿತು. “ಒದ್ದೆ ರಸ್ತೆ ಪರೀಕ್ಷೆ!” ಎಂದು ಉಸುರಿದರು. “ಪುಸ್ತಕದಲ್ಲಿದೆ. ಇಪ್ಪತ್ತೊಂಬತ್ತನೇ ಕಲಮು, ಐಚ್ಛಿಕ. ಯಾರೂ ಇಲ್ಲೀವರೆಗೆ ಒಪ್ಕೊಂಡಿಲ್ಲ. ನೀವೇ ಬಾಯಿಬಿಟ್ಟು ಕೇಳ್ತಿದ್ದೀರಿ!” ಅವರು ತಿರುಗಿ ಕೂಗಿದರು: “ಯಾರಪ್ಪಾ ಅಲ್ಲಿ, ನೀರು ಬಿಡಿ!”

ಪೈಪಿನ ವಾಲ್ವ್ ಕಾಯುವವನು ಪರೀಕ್ಷಕರ ಸಹೋದ್ಯೋಗಿ. ಸ್ನೇಹದ ಋಣ ತೀರಿಸುವವನಂತೆ ವಾಲ್ವನ್ನು ಪೂರ್ತಿ ತಿರುಗಿಸಿದ. ಹತ್ತು ನಿಮಿಷದಲ್ಲಿ ಇಡೀ ರಸ್ತೆ ಕನ್ನಡಿಯಾಯಿತು.

ಲೇತ್ ಅಕ್ಕ ನೀರನ್ನು ನೋಡಿದಳು, ಪರೀಕ್ಷಕರನ್ನು ನೋಡಿದಳು. ಅವರನ್ನು ಒಳಗೆ ಕೂರಿಸಿ, ಬೆಲ್ಟು ಬಿಗಿದು, ಎಂಜಿನ್ ಹೊತ್ತಿಸಿದಳು. ಪೈಪಿನ ಮೇಲೆ ಕೂತಿದ್ದ ಕಾಗೆಗಳೆಲ್ಲ ಎದ್ದವು.

“ಸುಲಭ ಸಾರ್,” ಎಂದು ಅವರ ಕಿವಿಯಲ್ಲಿ ಕೂಗಿದಳು. “ಗೇರು ನಾನೇ ಹಾಕಿದ್ದೀನಿ. ಇದೊಂದ್ರಲ್ಲೇ ನೂರು ದಾಟುತ್ತೆ, ಬದಲಾಯಿಸೋ ಹಾಗಿಲ್ಲ. ಎಡಗಾಲು ಕ್ಲಚ್ ಮೇಲೆ ಒತ್ತಿ ಹಿಡೀರಿ. ಎಡಗೈ ಹ್ಯಾಂಡ್‌ಬ್ರೇಕ್ ಮೇಲೆ. ಬಲಗೈ ಸ್ಟೀರಿಂಗು. ಬಲಗಾಲು ಆಕ್ಸಿಲರೇಟರ್, ಜೋರಾಗಿ ಒತ್ತಿ. ಅಧಿಕಾರಿಗಳು ‘ಬಿಡಿ’ ಅಂದ ತಕ್ಷಣ ಬಿಡಿ. ಎಂಟುನೂರು ಮೀಟರಲ್ಲಿ ನಾನು ಕೆಂಪು ಬಟ್ಟೆ ಬೀಸ್ತೀನಿ, ಆಗ ಬ್ರೇಕ್ ಹಿಡೀರಿ.”

“ಏನು ಬಿಡಬೇಕು?” ಎಂದು ಕೇಳುವಷ್ಟರಲ್ಲಿ ಅವಳು ಬಟ್ಟೆ ಹಿಡಿದು ಓಡಿದ್ದಳು.

ಪರೀಕ್ಷಕರು ಅಭ್ಯಾಸಬಲದಿಂದ ಜೇಬಿನ ಪುಸ್ತಕ ತೆಗೆದು ದೂರದ ಮೀಟರಿನ ಮೊದಲ ರೀಡಿಂಗ್ ಬರೆದುಕೊಂಡರು: ಸೊನ್ನೆ. ವೇಗದ ಮುಳ್ಳನ್ನು ನೋಡಿದರು: ಸರಿಯಾಗಿ ಸೊನ್ನೆ. ಒಂದು ಕ್ಷಣ ಅವರಿಗೆ ಹಿತವೆನಿಸಿತು. ಎರಡು ಕೈ, ಎರಡು ಕಾಲು, ನಾಲ್ಕನ್ನೂ ಹೇಳಿದ ಜಾಗದಲ್ಲಿಟ್ಟು, ಲೇತ್ ಅಕ್ಕ ದೂರದ ತನ್ನ ಜಾಗ ಮುಟ್ಟುವವರೆಗೆ ಕಾದರು.

ಅಧಿಕಾರಿ ಸ್ಟಾಪ್‌ವಾಚನ್ನು ಕೊರಳಿಂದ ತೆಗೆದು ಎತ್ತರಕ್ಕೆ ಹಿಡಿದರು.

“ಬಿಡಿ!”

ಪರೀಕ್ಷಕರು ಬಿಟ್ಟರು. ಆಜ್ಞೆ ಬಂದ ಮೇಲೆ ಅದರಲ್ಲಿ ಅರ್ಧ ಪಾಲಿಸುವುದು ಅವರ ಜಾಯಮಾನವಲ್ಲ. ಕ್ಲಚ್ ಬಿಟ್ಟರು. ಹ್ಯಾಂಡ್‌ಬ್ರೇಕ್ ಬಿಟ್ಟರು. ಸ್ಟೀರಿಂಗ್ ಬಿಟ್ಟರು. ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿದರು. ಬಿಡದೆ ಉಳಿದದ್ದು ಬಲಗಾಲೊಂದೇ. ಅದು ಆಗಲೇ ಹೆದರಿಕೆಗೆ ಮರಗಟ್ಟಿ, ಅವರ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಕಾರು ಹೊರಟಿತು. ಹೊರಟಿತು ಎಂಬ ಪದ ಸಾಲದು. ಇಲ್ಲಿದ್ದದ್ದು ಅಲ್ಲಿತ್ತು. ಹಿಂದೆ ನೀರು ಎರಡು ಗೋಡೆಗಳಾಗಿ ಎದ್ದು, ಟೈಲರನ ಮೇಲೆ ಒಂದು, ದಂತವೈದ್ಯರ ಮೇಲೆ ಒಂದು ಬಿತ್ತು.

“ಕೈ ಬಿಟ್ರು!” ಎಂದು ಟೈಲರ್ ಚೀರಿದ. “ಎರಡೂ ಕೈ! ನೋಡಿ, ನೋಡಿ, ನಮ್ಗೆ ಟಾಟಾ ಮಾಡ್ತಿದ್ದಾರೆ!”

ಹೆಂಡತಿ ಹೆಮ್ಮೆಯಿಂದ ತಾನೂ ಕೈ ಬೀಸಿದಳು.

ಕಾರಿಗೆ ಮಾತ್ರ ಇದಾವುದರ ಪರಿವೆಯಿಲ್ಲ. ಒಂಬತ್ತು ವರ್ಷ ಲೇತಿನ ಮೇಲೆ ಕೂದಲೆಳೆಯ ಲೆಕ್ಕದಲ್ಲಿ ಕಡೆದು ಕೂಡಿಸಿದ ಚಕ್ರಗಳು. ಒದ್ದೆ ಕನ್ನಡಿಯ ಮೇಲೆ, ಹಿಡಿಯುವ ಕೈಯಿಲ್ಲದೆ, ಪೈಪಿನಿಂದ ಅದೇ ಎರಡಡಿ ದೂರದಲ್ಲಿ, ಎಡಕ್ಕೂ ಬಲಕ್ಕೂ ಒಂದು ಬೆರಳಿನಷ್ಟೂ ವಾಲದೆ ನೇರ ಹೋಯಿತು. ಲೇತ್ ಅಕ್ಕ ಎಂಟುನೂರು ಮೀಟರಿನಲ್ಲಿ ಬಟ್ಟೆ ಬೀಸಿದಳು. “ಹಿಡೀರಿ! ಬ್ರೇಕ್ ಹಿಡೀರಿ!” ಎಂದು ಅರಚಿದಳು. ಕಪ್ಪು ಕೋಟೊಂದು ಕೈ ಎತ್ತಿಕೊಂಡು ಅವಳೆದುರು ಹಾದುಹೋಯಿತು. ಅದರ ಕಣ್ಣು ಮುಚ್ಚಿತ್ತು.

ಉಳಿದದ್ದು ನಾನೂರು ಮೀಟರ್ ರಸ್ತೆ, ಮೊಣಕಾಲೆತ್ತರದ ಗೋಡೆ, ಗೋಡೆಯ ಮುಂದೆ ಮಡಚುವ ಕುರ್ಚಿಯಲ್ಲಿ ಅತ್ತೆ, ಆಮೇಲೆ ಕೊಳ.

ಅತ್ತೆ ಏಳಲಿಲ್ಲ. ತಮ್ಮ ಕಡೆಗೆ ಕೈಯೆತ್ತಿಕೊಂಡು ಬರುತ್ತಿರುವ ಅಳಿಯನನ್ನು ನೋಡಿದರು. ಹದಿನೇಳು ವರ್ಷಗಳಿಂದ ನೋಡುತ್ತಿದ್ದ ಅದೇ ಮುಖ. ಏಣಿ ಹತ್ತಿ ಬಲ್ಬು ಹಾಕಲು ಹೋದಾಗ, ಡಬ್ಬಿಯ ಮುಚ್ಚಳ ತೆಗೆಯಲು ಹೋದಾಗ, ಬೀರು ಸರಿಸಲು ಹೋದಾಗ ಕಂಡಂಥದೇ ಮುಖ. ಅವರು ಉಸಿರು ಎಳೆದುಕೊಂಡರು. ಇನ್ನೂರು ಮಗ್ಗ ದಾಟಿದ ಆ ಗಂಟಲು ಎಂಟು ಸಿಲಿಂಡರಿನ ಸದ್ದನ್ನು ಸೀಳಿಕೊಂಡು ಬಂತು:

“ಸಾಕು ಬಿಡ್ರೀ ಅಳಿಯಂದಿರೇ! ಬಿಟ್ಬಿಡ್ರೀ!”

ಹದಿನೇಳು ವರ್ಷದ ಅಭ್ಯಾಸ. ಆ ದನಿಗೆ, ಆ ಮಾತಿಗೆ ಮಿದುಳಿನ ಅಪ್ಪಣೆ ಬೇಕಿಲ್ಲ. ಬಿಡಲು ಉಳಿದಿದ್ದದ್ದು ಒಂದೇ, ಬಲಗಾಲು. ಅವರು ಅದನ್ನೂ ಬಿಟ್ಟರು.

ಎಂಜಿನ್ ಒಮ್ಮೆ ಗೊರಕೆ ಹೊಡೆಯಿತು. ಅದೇ ಗೇರು ಕಾರಿನ ಕುತ್ತಿಗೆ ಹಿಡಿದು ಹಿಂದಕ್ಕೆಳೆಯಿತು. ಕಾರು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಕುಂಟಿತು, ಕೆಮ್ಮಿತು, ಅತ್ತೆಯ ಚಪ್ಪಲಿಯಿಂದ ಒಂದು ಮೊಳ ದೂರದಲ್ಲಿ ನಿಂತಿತು.

ಪರೀಕ್ಷಕರು ಒಂದು ಕಣ್ಣು ತೆರೆದರು. ಮೊದಲು ಪುಸ್ತಕ ತೆಗೆದರು. “ಕೊನೆಯ ರೀಡಿಂಗ್,” ಎಂದು ಬರೆದುಕೊಂಡರು, “ಒಂದು ಪಾಯಿಂಟ್ ಎರಡು ಕಿಲೋಮೀಟರ್.”

“ಬಿಡಿ,” ಎಂದರು ಅತ್ತೆ. ಆದರೆ ಚಪ್ಪಲಿಯ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡರು.

ಟೈಲರನ ಸೈಕಲ್ಲಿನ ಹಿಂದೆ ಕೂತು ಅಧಿಕಾರಿ ಬಂದು ಇಳಿದರು. “ಕೈ ಬಿಟ್ರಲ್ಲ ಸ್ವಾಮಿ! ಒದ್ದೆ ರಸ್ತೆಯಲ್ಲಿ!”

“ನೀವೇ ಬಿಡಿ ಅಂದ್ರಲ್ಲ ಸಾರ್.”

“ನಾನು ಅಂದಿದ್ದು...” ಅಧಿಕಾರಿ ತಡೆದರು. ಅಂದದ್ದೇನೋ ಅದೇ. ಅವರು ಕಡತ ಬಿಡಿಸಿ ಬರೆಯತೊಡಗಿದರು: “ಚಕ್ರಗಳ ಜೋಡಣೆ: ಕೈ ಬಿಟ್ಟರೂ ನೇರ. ಒದ್ದೆ ರಸ್ತೆಯಲ್ಲಿ ಹಿಡಿತ: ಉತ್ತಮ. ಚಾಲಕನ ದೃಷ್ಟಿ...”

“ಮುಚ್ಚಿದ್ದೆ ಸಾರ್.”

“ಅಗತ್ಯವಿಲ್ಲ,” ಎಂದು ಬರೆದುಕೊಂಡರು.

ಲೇತ್ ಅಕ್ಕ ಏದುಸಿರು ಬಿಡುತ್ತ ಓಡಿಬಂದಳು. ಅವಳು ಕಾರನ್ನು ನೋಡಲಿಲ್ಲ. ಅಧಿಕಾರಿಯ ಕೈಯನ್ನು ನೋಡಿದಳು. “ಎಷ್ಟು ಸಾರ್? ಎಷ್ಟು ಸೆಕೆಂಡು?”

ಅಧಿಕಾರಿ ಅಂಗೈ ತೆರೆದರು. ಖಾಲಿಯಿತ್ತು. ಎಲ್ಲರೂ ಹಿಂದಕ್ಕೆ ನಡೆದುಹೋಗಿ ಹುಡುಕಿದರು. ಹೊರಟ ಜಾಗದಲ್ಲೇ ನೀರಿನಲ್ಲಿ ಸ್ಟಾಪ್‌ವಾಚು ಬಿದ್ದಿತ್ತು. “ಬಿಡಿ!” ಎಂದು ಕೂಗಿದ ರಭಸಕ್ಕೆ ಅಧಿಕಾರಿಯೂ ಬಿಟ್ಟಿದ್ದರು. ಅದು ಅರ್ಧ ಸೆಕೆಂಡಿಗೆ ನಿಂತಿತ್ತು. ಅವರ ಕೈಯಿಂದ ನೆಲ ಮುಟ್ಟಲು ಅದಕ್ಕೆ ಹಿಡಿದ ಕಾಲ ಅದು.

“ಇಪ್ಪತ್ತೇಳನೇ ಕಲಮು,” ಎಂದು ಅಧಿಕಾರಿ ಗಂಟಲು ಸರಿಮಾಡಿಕೊಂಡರು. “ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು. ಇದನ್ನ ಖಾಲಿ ಬಿಡೋ ಹಾಗಿಲ್ಲ, ಬಿಟ್ರೆ ಅರ್ಜಿ ಅಪೂರ್ಣ. ಸೋಮವಾರದೊಳಗೆ ನಾನು ಇನ್ನೊಂದು ಸಲ ಬರೋಕೂ ಆಗಲ್ಲ. ಅಮ್ಮನ ಲೆಕ್ಕ ಐದು ತಾನೇ? ಐದು ಅಂತ ಹಾಕೋಣ. ಪರೀಕ್ಷಕರು ಸಹಿ ಮಾಡಿದ್ರೆ ಆಯ್ತು.”

ಬೀದಿಯೆಲ್ಲ ‘ಹಾಕಿ, ಹಾಕಿ’ ಎಂದಿತು. ಪರೀಕ್ಷಕರು ಪೆನ್ನು ಹಿಡಿದರು. ಆ ದಿನ ಮೊದಲ ಸಲ ಅವರಿಗೆ ಏನು ಮಾಡಬೇಕೆಂದು ಸ್ಪಷ್ಟವಾಗಿ ಗೊತ್ತಿತ್ತು. ಅದೇ ಸಂಕಟ.

“ಆಗಲ್ಲ ಸಾರ್,” ಎಂದರು. “ನಾನು ನೋಡಿಲ್ಲ. ನೋಡದೇ ಇರೋ ರೀಡಿಂಗ್ ನಾನು ಬರೆಯಲ್ಲ.” ಆಮೇಲೆ ಲೇತ್ ಅಕ್ಕನ ಕಡೆ ತಿರುಗಿದರು. ಬಾಯಿ ಒಣಗಿತ್ತು, ಆದರೂ ಬಿಟ್ಟರು. “ಅಕ್ಕಾ, ತಪ್ಪಾಯ್ತು. ನಾನು ನೀರಿನ ಮೀಟರ್ ಪರೀಕ್ಷಕ. ಅದೂ ಸಹಾಯಕ. ಫಲಕದಲ್ಲಿ ಜಾಗ ಸಾಲಲಿಲ್ಲ.”

ಟೈಲರ್ ಮೂಗಿನ ಮೇಲೆ ಬೆರಳಿಟ್ಟ. ಲೇತ್ ಅಕ್ಕ ಕೆಂಪು ಬಟ್ಟೆಯನ್ನು ಮಡಚಿ ಮಡಚಿ ಚಿಕ್ಕದು ಮಾಡಿದಳು.

“ನನಗೆ ಗೊತ್ತಿಲ್ವಾ ಸಾರ್? ಹೋದ ವರ್ಷ ನಮ್ಮ ವರ್ಕ್‌ಶಾಪಿನ ಮೀಟರ್ ಮೂರು ಹನಿ ಜಾಸ್ತಿ ತೋರಿಸ್ತಿದೆ ಅಂತ ವಾಪಸ್ ಕಳಿಸಿದ್ದು ನೀವೇ ತಾನೇ? ಅವತ್ತು ಚೀಟಿ ಮೇಲೆ ನಿಮ್ಮ ಸಹಿ ನೋಡಿ, ವರ್ಕ್‌ಶಾಪಲ್ಲೇ ನಿಂತು ನಿಮ್ಮನ್ನ ಬೈದಿದ್ದೆ. ಆಮೇಲೆ ಅಂದ್ಕೊಂಡೆ, ಮೂರು ಹನಿಗೆ ಸುಳ್ಳು ಹೇಳದವನು ನನ್ನ ಕಾರಿಗೂ ಹೇಳಲ್ಲ ಅಂತ.” ಅವಳು ಅಧಿಕಾರಿಗೆ ಅಂದಳು: “ಸುಳ್ಳು ಐದು ನನಗೂ ಬೇಡ. ಬಿಚ್ಚೋದಾದ್ರೆ ಬಿಚ್ತೀನಿ.”

ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪರೀಕ್ಷಕರು ಅಭ್ಯಾಸದಿಂದ ಹನಿ ಎಣಿಸುತ್ತಿದ್ದರು. ಏಳನೆಯ ಹನಿಗೆ ಅವರ ಮುಖ ಬದಲಾಯಿತು. ಕಡತವನ್ನು ಎಳೆದುಕೊಂಡು ಇಪ್ಪತ್ತೇಳನೇ ಕಲಮಿನಲ್ಲಿ ದುಂಡಗೆ ಬರೆದರು: ‘ಪರೀಕ್ಷಕರು ನೋಡಿಲ್ಲ.’ ಕೆಳಗೆ ಸಹಿ ಹಾಕಿದರು.

ಅಧಿಕಾರಿ ಅದನ್ನು ಹತ್ತಿರ ಹಿಡಿದು ಓದಿದರು, ದೂರ ಹಿಡಿದು ಓದಿದರು. “ಖಾಲಿ ಇಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು. “ಖಾಲಿ ಇರಬಾರದು ಅಂತ ಮಾತ್ರ ನಿಯಮ. ಯಾವುದರ ಪರೀಕ್ಷಕರು ಅಂತ ಪುಸ್ತಕದಲ್ಲೂ ಬರೆದಿಲ್ಲ.” ಮೊಹರನ್ನು ಉಸಿರಿನಿಂದ ಒಮ್ಮೆ ಬೆಚ್ಚಗೆ ಮಾಡಿ ಒತ್ತಿದರು.

ತಿಂಗಳಾದ ಮೇಲೆ ಕಾರಿಗೆ ನಂಬರು ಬಂತು. ಜೊತೆಗೆ ಪರೀಕ್ಷಕರ ಬಾಗಿಲಿಗೆ ಲೇತ್ ಅಕ್ಕ ಒಂದು ಹೊಸ ಫಲಕ ಕಡೆದು ತಂದಳು. ಬಾಗಿಲಿನಷ್ಟೇ ಅಗಲ. ‘ಸಹಾಯಕ ನೀರಿನ ಮಾಪಕ ಪರೀಕ್ಷಕರು.’

“ಎಲ್ಲ ಹಿಡಿಸಿದೆ ಸಾರ್. ಏನೂ ಬಿಟ್ಟಿಲ್ಲ.”

ಈಗ ಆ ಬೀದಿಯಲ್ಲಿ ಎರಡು ಪಕ್ಷಗಳಿವೆ. ಟೈಲರ್ ನಾಲ್ಕು ಸೆಕೆಂಡು ಎನ್ನುತ್ತಾನೆ, ದಂತವೈದ್ಯರು ಆರು ಎನ್ನುತ್ತಾರೆ. ಪೈಪಿನ ರಸ್ತೆಗೆ ನೀರು ಸರಬರಾಜಿನವರು ಬೀಗ ಹಾಕಿದ್ದಾರೆ. ಬೇರೆ ರಸ್ತೆಗಳಲ್ಲಿ ನೂರರ ವೇಗಕ್ಕೆ ಅನುಮತಿಯಿಲ್ಲ. ಲೇತ್ ಅಕ್ಕ ಪ್ರತಿ ಭಾನುವಾರ ಕಾರನ್ನು ಹೊರಗೆ ತೆಗೆದು, ಎದುರು ಬಾಗಿಲಿಗೆ ಕೂಗುತ್ತಾಳೆ: “ಸಾರ್, ಇನ್ನೊಂದು ಸಲ ಕಾರು ಬಿಡ್ತೀರಾ?”

“ಬಿಟ್ಟಿದ್ದೀನಿ ಅಕ್ಕಾ,” ಎಂದು ಒಳಗಿನಿಂದ ಉತ್ತರ ಬರುತ್ತದೆ.

ಸೊನ್ನೆಯಿಂದ ನೂರಕ್ಕೆ ಆ ಕಾರಿಗೆ ಎಷ್ಟು ಸೆಕೆಂಡು ಬೇಕು ಎಂಬುದು ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅವರು ಮೀಟರಿನವರೆಂದು ಮೊದಲೇ ಗೊತ್ತಿದ್ದ ಆ ಹೆಂಗಸು, ಅಂದು ಬಾಗಿಲಲ್ಲಿ ನಿಂತು “ಕಾರು ಬಿಟ್ಟಿದ್ದೀರಾ” ಎಂದು ಯಾವ ಅರ್ಥದಲ್ಲಿ ಕೇಳಿದ್ದಳು ಎಂಬುದೂ ನನಗೆ ಗೊತ್ತಿಲ್ಲ. ಒಂದು ಸಲ ಕೇಳಿ ನೋಡಿದೆ. ಅವಳು ನಕ್ಕು, ಕಾರಿನಡಿಗೆ ಜಾರಿದಳು. ಕಾಲು ಮಾತ್ರ ಕಾಣುತ್ತಿತ್ತು.